ಕಾವಲಿನಲ್ಲಿ ಗುಂಡಿ ತೋಡಿಸಬೇಡ

ಕಡೂರು,
ರೋಹಿಣಿ ಮಳೆ ಹುಟ್ಟಿದ ದಿನ

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಅತ್ತೆಯ ಮಂಡಿನೋವು ಎಷ್ಟೋ ವಾಸಿ. ಅಕ್ಕ ಫೋನು ಮಾಡಿದಾಗಲೆಲ್ಲ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲವೆಂದು ದೂರುತ್ತಾಳೆ. ಆ ವಿಚಾರವನ್ನು ತಾಯಿ ಮಗಳಿಗೇ ಬಿಟ್ಟು, ಮೊನ್ನೆ ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಕೂತಿದ್ದೇನೆ.

"ಮಾವ, ನಮ್ಮ ರೇಂಜಿನಲ್ಲಿ ಒಂದು ದೊಡ್ಡ ಕಾವಲಿದೆ. ಬರೀ ಹುಲ್ಲು, ಅಲ್ಲೊಂದು ಇಲ್ಲೊಂದು ಮರ. ಈ ಮುಂಗಾರಿಗೆ ಅಲ್ಲಿ ಏನು ಸಸಿ ಹಾಕಿಸಿದರೆ ದನಗಳಿಗೂ ಅನುಕೂಲ ಆಗುತ್ತೆ?" ಅಂದೆ. ದನದ ಡಾಕ್ಟರನಾಗಿ ಆಯಸ್ಸು ಸವೆಸಿದ ಮಾವನನ್ನು ಕೇಳಿ ನೆಡುತೋಪು ಮಾಡಿಸಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದು ನನಗೆ ದೊಡ್ಡ ಸಂತೋಷ. ನನ್ನ ಉತ್ತರ ಮಾತ್ರ ಎರಡೇ ಪದದ್ದು: ಏನೂ ಹಾಕಿಸಬೇಡ. ಆದರೆ ನಾಳೆ ನಿನ್ನ ಮೇಲಧಿಕಾರಿಗಳ ಎದುರು ನಿಂತು ಹೀಗೆ ಹೇಳಬೇಕಾದವಳು ನೀನು. ಬರಿಗೈಯಲ್ಲಿ ಹೋಗಿ ಹೇಳೋಕಾಗಲ್ಲ. ಅದಕ್ಕೇ ಇಷ್ಟು ಉದ್ದದ ಕಾಗದ.

ಕಾವಲು ಯಾಕೆ ಹಾಗಿದೆ ಅನ್ನುವುದಕ್ಕೆ ನೀವು ಅರಣ್ಯ ಇಲಾಖೆಯ ತರಬೇತಿಯಲ್ಲಿ ಓದಿದ ಕಥೆ ನನಗೂ ಗೊತ್ತು. ಒಂದು ಕಾಲಕ್ಕೆ ಅಲ್ಲೆಲ್ಲ ಕಾಡಿತ್ತು, ಜನ ಕಡಿದರು, ದನ ನುಗ್ಗಿಸಿದರು, ಬೆಂಕಿ ಇಟ್ಟರು, ಕೊನೆಗೆ ಹುಲ್ಲು ಉಳಿಯಿತು ಅನ್ನುವ ಕಥೆ. ಅರಣ್ಯಾಧಿಕಾರಿ ಚಾಂಪಿಯನ್ ಸಾಹೇಬರು 1936ರಲ್ಲಿ ದೇಶದ ಕಾಡುಗಳನ್ನು ಬಗೆಬಗೆಯಾಗಿ ವಿಂಗಡಿಸಿ ಬರೆದರು. 1968ರಲ್ಲಿ ಸೇಠ್ ಅವರ ಜೊತೆ ಸೇರಿ ಅದನ್ನೇ ತಿದ್ದಿ ಮತ್ತೆ ಪ್ರಕಟಿಸಿದರು. ಆ ಪಟ್ಟಿಯಲ್ಲಿ ಒಣಸೀಮೆಯ ಸವನ್ನಾವನ್ನು, ಅಂದರೆ ನಮ್ಮ ಕಾವಲಿನಂಥ ಹುಲ್ಲುಬಯಲನ್ನು, ಕಾಡು ಕೆಟ್ಟು ತಲುಪಿದ ಒಂದು ಹಂತ ಅಂತ ಇಟ್ಟಿದ್ದಾರೆ. ಒಂದು ಜಾಗ ಕೆಟ್ಟ ಕಾಡು ಅಂತ ಒಪ್ಪಿಕೊಂಡ ಮೇಲೆ ಅದನ್ನು ರಿಪೇರಿ ಮಾಡುವುದು ಧರ್ಮವಾಗಿಬಿಡುತ್ತದೆ. ಸಸಿ, ಗುಂಡಿ, ಟ್ರೆಂಚು, ತಂತಿಬೇಲಿ ಎಲ್ಲ ಆ ಒಪ್ಪಿಗೆಯ ಹಿಂದೆಯೇ ಬರುತ್ತವೆ.

ಆ ಒಪ್ಪಿಗೆಯೇ ತಪ್ಪು ಅನ್ನುವುದಕ್ಕೆ ಈಗ ಬೇಕಾದಷ್ಟು ಆಧಾರವಿದೆ. ಹಿಮಾಲಯದ ತಪ್ಪಲಿನ ಶಿವಾಲಿಕ್ ಮಣ್ಣಿನ ಪದರಗಳಲ್ಲಿರುವ ಇಂಗಾಲವನ್ನು ಪರೀಕ್ಷಿಸಿದವರು, ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದೆ ಅಲ್ಲಿ ಬಿಸಿಲುಸೀಮೆಯ ಹುಲ್ಲು ಮರಗಳನ್ನು ಹಿಂದೆ ತಳ್ಳಿ ಹರಡಿತು ಅಂತ ತೋರಿಸಿದ್ದಾರೆ. ಕೊಡಲಿ ಹಿಡಿಯುವ ಮನುಷ್ಯ ಆಗಿನ್ನೂ ಹುಟ್ಟಿರಲಿಲ್ಲ. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ ಅನ್ನುವ ಸಂಶೋಧನಾ ಸಂಸ್ಥೆಯ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಅವರ ಸಂಗಡಿಗರು 2016ರಲ್ಲಿ ಬರೆದ ಪ್ರಬಂಧವೊಂದಿದೆ. ಏಷ್ಯಾದ ಸವನ್ನಾಗಳು ಬಹಳ ಹಳೆಯವು, ಅವನ್ನು ಕೆಟ್ಟ ಕಾಡು ಅಂತ ಎಣಿಸಿ ನಾವು ಕಳೆದುಕೊಳ್ಳುತ್ತಿದ್ದೇವೆ ಅನ್ನುವುದು ಅದರ ಸಾರ. ದಖನ್ನಿನ ಬಯಲುಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಗಿಡಗಳು ಇನ್ನೂರಕ್ಕೂ ಹೆಚ್ಚಿವೆಯಂತೆ. ಬಿಸಿಲೇ ಬೇಕು ಅನ್ನುವ ಇಷ್ಟು ಗಿಡಗಳು ಯಾರೋ ನಿನ್ನೆ ಮೊನ್ನೆ ಕಾಡು ಕಡಿದರು ಅಂತ ಹುಟ್ಟಿಕೊಳ್ಳುವುದಿಲ್ಲ. ಮಹಾರಾಷ್ಟ್ರದ ಬಗ್ಗೆ ಆಶಿಶ್ ನೇರ್ಲೇಕರ್, ದಿಗ್ವಿಜಯ್ ಪಾಟೀಲ್ ಅನ್ನುವವರು ಹಳೆಯ ಮರಾಠಿ ಕಾವ್ಯ, ಪುರಾಣ, ಜನಪದವನ್ನೆಲ್ಲ ಜಾಲಾಡಿ ಅಲ್ಲಿ ಯಾವ ಯಾವ ಗಿಡಗಳ ಹೆಸರು ಬರುತ್ತವೆ ಅಂತ ನೋಡಿದರು. ಏಳುನೂರು ವರ್ಷಗಳಿಗೂ ಹಿಂದಿನ ಬರಹದಲ್ಲೂ ಜಾಲಿಯಂಥ ಬಯಲಿನ ಗಿಡಗಳೇ ಹೆಚ್ಚಾಗಿ ಸಿಕ್ಕವು. ನಮ್ಮ ಕಾಡುಗೊಲ್ಲರ ಜುಂಜಪ್ಪನ ಕಾವ್ಯವನ್ನು, ಮ್ಯಾಸಬೇಡರ ಕಥನಗಳನ್ನು ಯಾರಾದರೂ ಈ ಕಣ್ಣಿನಲ್ಲಿ ಓದಬೇಕು ಅಂತ ನನಗೆ ಬಹಳ ಆಸೆ. ದನ, ಹುಲ್ಲು, ಹಟ್ಟಿ, ದೇವರ ಎತ್ತು, ಅದನ್ನು ಕಾಯುವ ಕಿಲಾರಿ ಇವಿಷ್ಟರ ಮೇಲೇ ನಿಂತ ಲೋಕ ಅದು.

ಇನ್ನು ಹುಲ್ಲಿನ ವಿಚಾರ. ನಮ್ಮ ರಾಗಿ, ಜೋಳ, ಸಜ್ಜೆ, ಕಬ್ಬು ಇವೆಲ್ಲ ಹುಲ್ಲಿನ ಜಾತಿಯವೇ, ನಿನಗೆ ಗೊತ್ತಿದೆ. ಇವುಗಳಿಗೂ ಕಾವಲಿನ ಬಹುಪಾಲು ಹುಲ್ಲಿಗೂ ಇರುವ ಒಂದು ಸಮಾನ ಗುಣವೆಂದರೆ, ಬಿಸಿಲನ್ನು ಅನ್ನ ಮಾಡಿಕೊಳ್ಳುವ ರೀತಿ. ಸೆಖೆ ಹೆಚ್ಚಿದ್ದು ನೀರು ಕಡಿಮೆ ಇದ್ದಾಗ ಈ ರೀತಿಯವು ಗೆಲ್ಲುತ್ತವೆ. ಆದರೆ ನೆರಳು ಬಿತ್ತೋ, ಸೋತವು. ರಾಗಿಹೊಲದ ಬದುವಿನಲ್ಲಿ ಹುಣಸೆಮರ ಇದ್ದರೆ ಅದರ ನೆರಳಿನಷ್ಟಗಲ ಪೈರು ಏಳುವುದಿಲ್ಲ ಅಂತ ನಿಮ್ಮ ತಾತ ವರ್ಷವರ್ಷವೂ ಗೊಣಗುತ್ತಿದ್ದರು. ಕಾವಲಿನ ಮೇಲೆ ಸಾಲುಸಾಲಾಗಿ ಸಸಿ ಹಾಕಿದರೆ ಆಗುವುದೂ ಅದೇ. ಮೊದಲು ಗುಂಡಿ ತೋಡಲು ಜೆಸಿಬಿ ಬರುತ್ತದೆ, ಹುಲ್ಲಿನ ಗಡ್ಡೆಗಳನ್ನು ಬೇರುಸಮೇತ ಕಿತ್ತು ಮಗುಚುತ್ತದೆ. ಹುಲ್ಲಿನ ಜೀವವೆಲ್ಲ ಇರುವುದು ನೆಲಕ್ಕೆ ಅಂಟಿದ ಆ ಬುಡದಲ್ಲಿ. ದನ ಮೇಯ್ದರೂ, ಬೆಂಕಿ ಹಾದು ಹೋದರೂ ಬುಡ ಉಳಿದಿದ್ದರೆ ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಬುಡವನ್ನೇ ಮಗುಚಿದ ಮೇಲೆ ಅಲ್ಲಿ ಬರುವುದು ಕಳೆ. ಉತ್ತು ಬಿಟ್ಟ ಕಾವಲನ್ನು ನಾನು ಬಹಳ ಕಡೆ ನೋಡಿದ್ದೇನೆ. ವರ್ಷಗಳು ಉರುಳಿದರೂ ಮೊದಲಿದ್ದ ಹುಲ್ಲು ತಿರುಗಿ ಬಂದಿರಲಿಲ್ಲ.

ಈ ಲಕೋಟೆಯಲ್ಲಿ ಒಂದು ಚಿಕ್ಕ ಪೊಟ್ಟಣ ಇಟ್ಟಿದ್ದೇನೆ, ಹುಷಾರಾಗಿ ಬಿಚ್ಚು. ಊಬಿನ ಹುಲ್ಲಿನ ಬೀಜ. ಕಾವಲಿನಲ್ಲಿ ನಡೆದರೆ ಪಂಚೆಯ ಅಂಚಿಗೆ, ನಿಮ್ಮ ಖಾಕಿ ಪ್ಯಾಂಟಿನ ಕೆಳಗೆ ಸಾಲಾಗಿ ಚುಚ್ಚಿಕೊಳ್ಳುವುದು ಇದೇ. ಒಂದನ್ನು ಎತ್ತಿ ನೋಡು. ಒಂದು ತುದಿ ಸೂಜಿ. ಅದರ ಹಿಂದೆ ಕಂದು ರೋಮ, ಎಲ್ಲ ಹಿಮ್ಮುಖವಾಗಿ ಬಾಗಿವೆ, ಒಳಗೆ ಹೋಗಬಹುದು, ಹೊರಗೆ ಬರುವ ಹಾಗಿಲ್ಲ. ಇನ್ನೊಂದು ತುದಿಯಲ್ಲಿ ಕಪ್ಪಗೆ ಉದ್ದನೆಯ ಬಾಲ, ಹಗ್ಗದ ಹಾಗೆ ಹುರಿಗೊಂಡು ನಡುವೆ ಮಂಡಿ ಮಡಚಿದೆ. ಈಗ ಅಂಗೈಯಲ್ಲಿ ಇಟ್ಟು ಒದ್ದೆ ಬೆರಳಿನಿಂದ ಒಂದು ಹನಿ ನೀರು ತಾಕಿಸು. ಸ್ವಲ್ಪ ಹೊತ್ತಿಗೆ ಹುರಿ ಬಿಚ್ಚಿಕೊಳ್ಳುತ್ತಾ ಬಾಲ ನಿಧಾನಕ್ಕೆ ಸುತ್ತುತ್ತದೆ. ಒಣಗಿದರೆ ಮತ್ತೆ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ರಾತ್ರಿಯ ಇಬ್ಬನಿ, ಹಗಲಿನ ಬಿಸಿಲು, ಹೀಗೆ ಸುತ್ತುತ್ತಾ ಸುತ್ತುತ್ತಾ ಬೀಜ ತನ್ನನ್ನು ತಾನೇ ನೆಲಕ್ಕೆ ಕೊರೆದುಕೊಂಡು ಇಳಿಯುತ್ತದೆ. ಬೇಸಿಗೆಯಲ್ಲಿ ಮೇಲೆ ಬೆಂಕಿ ಹಾದು ಹೋದರೂ ಒಳಗೆ ಅದು ಬದುಕಿರುತ್ತದೆ. ಕುರಿಗಳ ಬಾಯಿಯ ಸಂದಿಯಿಂದ, ಕಣ್ಣಿನ ರೆಪ್ಪೆಯಡಿಯಿಂದ, ಉಣ್ಣೆ ದಾಟಿ ಚರ್ಮದೊಳಕ್ಕೆ ಇಳಿದ ಜಾಗದಿಂದ ಚಿಮಟದಲ್ಲಿ ಇದನ್ನು ತೆಗೆದು ತೆಗೆದು ನನ್ನ ಬೆರಳು ಸವೆದಿವೆ. ಕುರಿಗಾರರಿಗೆ ಇದು ಹೊಸದಲ್ಲ. ಎಳೆಯದಿದ್ದಾಗ ಆ ಹುಲ್ಲು ಒಳ್ಳೆಯ ಮೇವು, ಊಬು ಕಟ್ಟುವ ಹೊತ್ತಿಗೆ ಹಿಂಡನ್ನು ಬೇರೆ ಕಡೆ ಹೊಡೆದುಕೊಂಡು ಹೋಗುತ್ತಾರೆ. ಆ ಹೊತ್ತು ಯಾವುದು ಅಂತ ಅವರಿಗೆ ತಿಳಿದಿರುವಷ್ಟು ಖಚಿತವಾಗಿ ನನಗೂ ತಿಳಿದಿರಲಿಲ್ಲ, ಅವರಿಂದಲೇ ಕಲಿತೆ.

ಮರಗಳ ಮಾತಿಗೆ ಬರುತ್ತೇನೆ. ಕಾವಲಿನಲ್ಲಿ ಮರ ಬೇಡ ಅಂತ ನಾನು ಹೇಳುತ್ತಿಲ್ಲ ಮಗಾ. ಅಲ್ಲಿರುವ ಮರಗಳೇ ಅಲ್ಲಿಗೆ ಬೇಕಾದ ಮರಗಳು, ಅಷ್ಟೇ ದೂರದಲ್ಲಿ, ಅಷ್ಟೇ ಸಂಖ್ಯೆಯಲ್ಲಿ. ಬಿಳಿಜಾಲಿ, ತುಗ್ಗಲಿ, ಮುತ್ತುಗ, ಬೇವು, ಎಲಚಿ, ಚಿತ್ರದುರ್ಗ ಶಿರಾ ಕಡೆಗೆ ಹೋದರೆ ಕಮರ. ಯಾಕೆ ಒಂದಕ್ಕೊಂದು ತಾಗದಂತೆ ದೂರ ದೂರ ನಿಂತಿವೆ ಅಂದರೆ, ನೀರು ಇರುವುದೇ ಅಷ್ಟು. ಆಫ್ರಿಕಾದ ನೂರಾರು ಸವನ್ನಾಗಳ ಲೆಕ್ಕ ಒಟ್ಟುಗೂಡಿಸಿ ಮಹೇಶ್ ಶಂಕರನ್ ಮತ್ತು ಸಂಗಡಿಗರು 2005ರಲ್ಲೇ ತೋರಿಸಿದ್ದು ಇದನ್ನು: ವರ್ಷಕ್ಕೆ ಸುಮಾರು 650 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಕಡೆ ಮರಗಳು ದಟ್ಟವಾಗಿ ಸೇರಲು ಮಳೆಯೇ ಬಿಡುವುದಿಲ್ಲ. ಅದಕ್ಕಿಂತ ಹೆಚ್ಚು ಬೀಳುವ ಕಡೆ ಬಯಲನ್ನು ಬಯಲಾಗಿ ಉಳಿಸುವುದು ಬೆಂಕಿ ಮತ್ತು ಮೇಯುವ ಪ್ರಾಣಿಗಳು. ನಮ್ಮ ಕಡೂರಿನ ಮಳೆ ಆ ಗೆರೆಯ ಆಸುಪಾಸಿನದು, ಚಳ್ಳಕೆರೆಯದು ಅದಕ್ಕೂ ಎಷ್ಟೋ ಕಡಿಮೆ. ಮಧ್ಯಾಹ್ನ ಒಂದು ತುಗ್ಗಲಿಮರದ ಕೆಳಗೆ ಹೋಗಿ ಕೂತು ಸುತ್ತ ನೋಡು. ದನಗಳು ಅಲ್ಲೇ ಮೆಲುಕು ಹಾಕಿ ಸಗಣಿ ಹಾಕಿರುತ್ತವೆ, ಹಕ್ಕಿಗಳು ಎಲ್ಲಿಂದಲೋ ತಿಂದು ತಂದ ಬೀಜ ಉದುರಿಸಿರುತ್ತವೆ, ಆ ನೆರಳಿನಲ್ಲಿ ಬೆಳೆದ ಹುಲ್ಲು ಆಚೆಗಿನದಕ್ಕಿಂತ ಬೇರೆ ಬಗೆಯದು. ಅಂಥ ಹಳೆಯ ಮರ ಒಂದನ್ನು ಇದ್ದಿಲಿಗೆ ಕಡಿಯದಂತೆ ಕಾಯುವುದು ಸಾವಿರ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ದೊಡ್ಡ ಕೆಲಸ ಅಂತ ನಾನು ನಂಬಿದ್ದೇನೆ.

ಕಾವಲು ಅಂದರೆ ಕಾದಿಟ್ಟ ಜಾಗ, ನಿನಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಅಂತ ಒಂದು ಇಲಾಖೆಯೇ ಇತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಹೆಸರು ಹಾಲುಬೆಣ್ಣೆಯದಾದರೂ ಅಲ್ಲಿ ತಯಾರಾದದ್ದು ಫಿರಂಗಿ ಎಳೆಯುವ, ದಂಡಿನ ಜೊತೆ ಓಡುವ ಎತ್ತುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಹಿಂಡನ್ನು ವಶಕ್ಕೆ ತೆಗೆದುಕೊಂಡರು, 1860ರಲ್ಲಿ ಖರ್ಚು ಉಳಿಸಲು ಹೋಗಿ ಮಾರಿಬಿಟ್ಟರು, ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಯಿತು. ನಮ್ಮ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಆ ದನಗಳ ಸಂತತಿ ಇವತ್ತಿಗೂ ಇದೆ, ಬಿಡುವಾದಾಗ ಹೋಗಿ ಆ ಕೋಡುಗಳನ್ನು ನೋಡಿ ಬಾ. ನನಗೆ ಇದರಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದ ಸಂಗತಿ ಅವರು ಕಾವಲುಗಳನ್ನು ಹಂಚಿಕೊಂಡಿದ್ದ ಬಗೆ. ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಹಿಂಡು ಒಂದರಿಂದ ಒಂದಕ್ಕೆ ಸಾಗುತ್ತಿದ್ದರೆ ಹಿಂದಿನ ಕಾವಲಿನ ಹುಲ್ಲಿಗೆ ಹೂಬಿಟ್ಟು ಬೀಜ ಉದುರಿಸುವ ಬಿಡುವು ಸಿಗುತ್ತಿತ್ತು. ಈಗ ಎಲ್ಲ ಕಾಲದಲ್ಲೂ ಒಂದೇ ತುಣುಕಿನ ಮೇಲೆ ಎಲ್ಲ ದನಗಳೂ ನಿಂತಿವೆ, ಯಾಕೆಂದರೆ ಉಳಿದ ತುಣುಕುಗಳು ಹೋದವು.

ಹೇಗೆ ಹೋದವು ಅಂತ ನಿನ್ನ ತಾಲ್ಲೂಕು ಕಚೇರಿಯ ಹಳೆಯ ಪಹಣಿ ತೆಗೆಸಿ ನೋಡು. ಕಂದಾಯದ ಲೆಕ್ಕದಲ್ಲಿ ಇಂಥ ಜಾಗಗಳಿಗೆ ಬೀಳು, ಬಂಜರು, ಹುಲ್ಲುಬನ್ನಿ ಖರಾಬು ಅಂತೆಲ್ಲ ಬರೆದಿರುತ್ತಾರೆ. ಖರಾಬು ಅಂತ ಬರೆದ ಮೇಲೆ ಯಾರು ಕೇಳಿದರೂ ಕೊಡಬಹುದು. ಕೇಂದ್ರ ಸರ್ಕಾರ 2000ದಿಂದ ಪಾಳುಭೂಮಿಯ ನಕಾಶೆಗಳನ್ನು ಪ್ರಕಟಿಸುತ್ತಿದೆ, ಕುರುಚಲು ಬಯಲೆಲ್ಲ ಅದರೊಳಗೆ ಸೇರಿದೆ. ಇನ್ನೊಂದು ಕಡೆ ಶಾಲೆಯ ಭೂಗೋಳದಲ್ಲಿ ಸವನ್ನಾ ಅಂದರೆ ಆಫ್ರಿಕಾ, ಸಿಂಹ, ಜಿರಾಫೆ. ಆ ಮಾತೂ ಆಫ್ರಿಕಾದ್ದಲ್ಲ. ಕೆರಿಬಿಯನ್ ದ್ವೀಪಗಳ ತಾಯ್ನೋ ಜನರ ಮಾತು, ಸ್ಪೇನಿನವರ ಮೂಲಕ ಲೋಕಕ್ಕೆಲ್ಲ ಹಬ್ಬಿತು. ನೀನು ವರದಿಯಲ್ಲಿ ಸವನ್ನಾ ಅಂತಲೇ ಬರೆ, ಕಾವಲು ಅಂತಲಾದರೂ ಬರೆ, ಎರಡೂ ನನಗೆ ಸಮ್ಮತ. ಪಾಳು ಅಂತ ಮಾತ್ರ ಬರೆಯಬೇಡ. ಚಳ್ಳಕೆರೆ ತಾಲ್ಲೂಕಿನಲ್ಲಿ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ದೇಶದ ದೊಡ್ಡ ದೊಡ್ಡ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಕು, ನಾನು ಇಲ್ಲ ಅನ್ನಲಾರೆ. ಆದರೆ ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದವರ ಹಳ್ಳಿಗಳು ಗೋಡೆಯ ಈಚೆ ಉಳಿದುಕೊಂಡವು. ಆ ಬಯಲು ಖಾಲಿ ಇದೆ ಅಂತ ಕಾಗದದಲ್ಲಿ ಇಲ್ಲದಿದ್ದರೆ ಅಷ್ಟು ಸಲೀಸಾಗಿ ಆ ಕೆಲಸ ನಡೆಯುತ್ತಿರಲಿಲ್ಲ.

ನಿನ್ನ ಕಾವಲೂ ಖಾಲಿ ಇಲ್ಲ. ಬೆಳಗ್ಗೆ ಜೀಪು ದೂರ ನಿಲ್ಲಿಸಿ ನಡೆದು ಹೋಗು, ನೆಲ ನೋಡುತ್ತಾ ಹೆಜ್ಜೆ ಇಡು. ನೆಲಗುಬ್ಬಿಗಳು ಹುಲ್ಲಿನ ಬುಡದಲ್ಲಿ, ಹಸುವಿನ ಗೊರಸು ಮೂಡಿದಷ್ಟು ತಗ್ಗಿನಲ್ಲಿ ಗೂಡು ಮಾಡುತ್ತವೆ, ಕಾಲು ಇಡುವವರೆಗೂ ಕಾಣುವುದಿಲ್ಲ. ಗಂಡು ನೆಲಗುಬ್ಬಿ ಹಾಡುತ್ತಾ ನೆಟ್ಟಗೆ ಮೇಲಕ್ಕೆ ಹಾರಿ, ರೆಕ್ಕೆ ಮಡಚಿ, ಕಲ್ಲಿನಂತೆ ಬಿದ್ದು, ನೆಲ ಮುಟ್ಟುವ ಮುಂಚೆ ಮತ್ತೆ ಏಳುತ್ತದೆ. ಚಳಿಗಾಲದಲ್ಲಿ ಸಂಜೆ ಹೋದರೆ ಸೆಳೆವಗಳನ್ನು ನೋಡಬಹುದು. ಕಜಕಿಸ್ತಾನದಂಥ ದೂರದ ಹುಲ್ಲುಗಾಡಿನಿಂದ ಬರುವ ಹದ್ದಿನ ಜಾತಿಯ ಹಕ್ಕಿ, ಹಗಲೆಲ್ಲ ಮಿಡತೆ ಹಿಡಿಯುತ್ತಾ ಹುಲ್ಲಿನ ಮೇಲೆ ತೇಲಾಡಿ, ಕತ್ತಲಾದರೆ ಮರ ಹತ್ತುವುದಿಲ್ಲ, ಹುಲ್ಲಿನ ಮಧ್ಯೆ ನೆಲದ ಮೇಲೇ ಗುಂಪಾಗಿ ಮಲಗುತ್ತದೆ. ಅಲ್ಲಿ ನೀಲಗಿರಿ ಹಾಕಿದರೆ ಅವು ಎಲ್ಲಿ ಮಲಗಬೇಕು? ಕೃಷ್ಣಮೃಗಕ್ಕೆ ಬದುಕು ಅಂದರೆ ದೂರಕ್ಕೆ ಕಾಣುವ ಕಣ್ಣು ಮತ್ತು ಅಡ್ಡಿಯಿಲ್ಲದ ಓಟ. ಮರ ಒತ್ತೊತ್ತಾದರೆ ಎರಡೂ ಹೋಯಿತು.

ರಾಣೆಬೆನ್ನೂರಿನ ಉದಾಹರಣೆ ನಿನ್ನ ಮೀಟಿಂಗಿನಲ್ಲಿ ಹೇಳು. 1974ರಲ್ಲಿ ಅದು ಅಭಯಾರಣ್ಯವಾಯಿತು, 119 ಚದರ ಕಿಲೋಮೀಟರು, ಕೃಷ್ಣಮೃಗಕ್ಕೆ ಹೆಸರುವಾಸಿ, ಎರೆಭೂತ ಅನ್ನುವ ಹಕ್ಕಿಯೂ ಅಲ್ಲಿತ್ತು. ಆ ಬಯಲಿನ ಬಹುಭಾಗಕ್ಕೆ ನೀಲಗಿರಿ ಬಿತ್ತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಎರೆಭೂತ ಹೋಯಿತು. ಮೀಟರಿನಷ್ಟು ಎತ್ತರ ನಿಲ್ಲುವ ಹಕ್ಕಿ ಅದು, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಇಡೀ ದೇಶದಲ್ಲಿ ಈಗ ಬಯಲಿನಲ್ಲಿ ಉಳಿದಿರುವುದು ನೂರೈವತ್ತಕ್ಕಿಂತ ಕಡಿಮೆ, ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ಅದಕ್ಕೆ ಯಾರೂ ಕೇಡು ಬಗೆದು ಮರ ನೆಡಲಿಲ್ಲ. ಹಸಿರು ಮಾಡುತ್ತಿದ್ದೇವೆ ಅನ್ನುವ ಸಂತೋಷದಲ್ಲೇ ನೆಟ್ಟರು. ಅದಕ್ಕೇ ನನಗೆ ಇದು ಇಷ್ಟು ಸಂಕಟ.

ನೀನು ಏನು ಹೇಳುತ್ತೀಯ ಅಂತ ನನಗೆ ಗೊತ್ತು. "ಮಾವ, ಸಸಿ ನೆಟ್ಟು ಬೋರ್ಡು ಹಾಕದಿದ್ದರೆ ಮುಂದಿನ ವರ್ಷಕ್ಕೆ ಒತ್ತುವರಿ ಆಗಿರುತ್ತೆ. ಹುಲ್ಲು ಉಳಿಸಿ ಅಂತ ಯಾವ ಹೆಡ್ಡಿನಲ್ಲೂ ದುಡ್ಡು ಬರಲ್ಲ, ನೆಡುತೋಪಿಗೆ ಮಾತ್ರ ಬರುತ್ತೆ." ಇದು ಗಟ್ಟಿ ಮಾತು, ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಪ್ರಾಮಾಣಿಕ ಅಧಿಕಾರಿಗಳು ಎಷ್ಟೋ ಜನ ಇದೇ ಭಯದಿಂದ ಕಾವಲಿಗೆ ಸಸಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಕಾಯಲೆಂದು ಹೋಗಿ ಕಾಯಬೇಕಾದ್ದನ್ನೇ ಮುಗಿಸಿದರೆ ಏನು ಬಂತು? ದಾರಿಗಳು ಇವೆ. ಗಡಿಗೆ ಮಾತ್ರ ಕಂದಕ ತೆಗೆಸು, ಕಲ್ಲು ನೆಡಿಸು, ಭೂಮಾಪಕರನ್ನು ಕರೆಸಿ ಸರ್ವೆ ಮಾಡಿಸಿ ನಕಾಶೆಗೆ ಸಹಿ ಹಾಕಿಸಿಕೋ. ವನ್ಯಜೀವಿ ಕಾಯ್ದೆಯಲ್ಲಿ ಸಂರಕ್ಷಣಾ ಮೀಸಲು ಅನ್ನುವ ಒಂದು ವರ್ಗವಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಮೀಸಲು ಆದದ್ದು ಹೀಗೆ. ನಮ್ಮ ಪಕ್ಕದ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಆದದ್ದೂ ಹೀಗೆಯೇ, ಏಳು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಅಷ್ಟೇ, ಆದರೆ ಕೃಷ್ಣಮೃಗ, ತೋಳ, ಸೆಳೆವ ಎಲ್ಲಕ್ಕೂ ನೆಲೆ ಕೊಟ್ಟಿದೆ. ಶಿರಾದ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರಕ್ಕೆಂದೇ ಧಾಮವಾಯಿತು. ಸರ್ಕಾರಕ್ಕೆ ಈ ಭಾಷೆ ಅರ್ಥವಾಗುವುದಿಲ್ಲ ಅನ್ನಬೇಡ, ಯಾರಾದರೂ ಕಡತ ಹಿಡಿದು ಹಿಂದೆ ಬಿದ್ದ ಕಡೆ ಅರ್ಥವಾಗಿದೆ.

ದುಡ್ಡಿನ ಹೆಡ್ಡು ಬೇಕಿದ್ದರೆ ಮಾಡಬೇಕಾದ ಕೆಲಸ ಕಾವಲಿನಲ್ಲೇ ಬೇಕಾದಷ್ಟಿದೆ. ಮೊದಲನೆಯದು ಸೀಮೆಜಾಲಿ, ಬಳ್ಳಾರಿ ಜಾಲಿ ಅನ್ನುತ್ತಾರಲ್ಲ ಅದು. ಹತ್ತೊಂಬತ್ತನೇ ಶತಮಾನದಲ್ಲಿ ಸೌದೆಗೂ ಬರಡುನೆಲಕ್ಕೂ ಆಗುತ್ತದೆಂದು ಅಮೆರಿಕ ಖಂಡದಿಂದ ತರಿಸಿದ ಗಿಡ. ಅದರ ಕಾಯಿ ಸಿಹಿ, ದನಗಳು ಹುಡುಕಿ ತಿನ್ನುತ್ತವೆ. ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ. ಮಳೆ ಬಿದ್ದ ಮೇಲೆ ಒಣಗಿದ ಸಗಣಿಯೊಂದನ್ನು ಕೋಲಿನಿಂದ ಎಬ್ಬಿಸಿ ನೋಡು, ಒಂದರಲ್ಲೇ ಎಷ್ಟೊಂದು ಮೊಳಕೆ ಒತ್ತಾಗಿ ಎದ್ದಿರುತ್ತವೆ. ನೆಟ್ಟವರು ಯಾರೂ ಇಲ್ಲದೆ ಕಾವಲು ಮುಳ್ಳುಮೆಳೆಯಾಗುವುದು ಹೀಗೆ. ಬುಡ ಕಡಿದರೆ ಪ್ರಯೋಜನವಿಲ್ಲ, ಮತ್ತೆ ಹತ್ತು ಕವಲು ಒಡೆಯುತ್ತದೆ. ಎಳೆಯದಿದ್ದಾಗಲೇ ಬೇರು ಸಮೇತ ಕೀಳಿಸಬೇಕು, ಅದೂ ಕೈಯಿಂದ, ಹುಲ್ಲಿಗೆ ಏಟಾಗದ ಹಾಗೆ. ಊರಿನ ಹೆಣ್ಣುಮಕ್ಕಳಿಗೆ ಕೂಲಿ ಸಿಗುತ್ತದೆ, ಸೌದೆಯೂ ಸಿಗುತ್ತದೆ. ನೆಡುತೋಪಿನ ಗುಂಡಿಗೆ ಕೊಡುವ ಕೂಲಿಯನ್ನು ಇದಕ್ಕೆ ಕೊಡಿಸಲು ಹೋರಾಡು.

ಬೆಂಕಿಯ ವಿಚಾರದಲ್ಲಿ ಮಾತ್ರ ಅವಸರ ಪಡಬೇಡ. ಬೆಂಕಿ ಕಂಡರೆ ಆರಿಸು ಅನ್ನುವುದು ನಿಮ್ಮ ಇಲಾಖೆಯ ಮೊದಲ ಪಾಠ, ತಪ್ಪೇನಿಲ್ಲ. ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ ತರಗು ಬೆಂಕಿ ಅಂತ ನೆಲದ ತರಗೆಲೆ ಮಾತ್ರ ಸುಡುವಷ್ಟು ಮೆಲ್ಲನೆಯ ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಮರಗಳ ಕೆಳಗೆ ಹಬ್ಬಿ ಹುಲ್ಲನ್ನು ನುಂಗಿದ್ದಕ್ಕೂ ಇದಕ್ಕೂ ಸಂಬಂಧವಿದೆ ಅಂತ ಸೋಲಿಗರು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ, ವಿಜ್ಞಾನಿಗಳೂ ಅವರ ಮಾತನ್ನು ಕಿವಿಗೊಟ್ಟು ಕೇಳಿದ್ದಾರೆ. ನಿನ್ನ ಕಾವಲಿನಲ್ಲಿ ಯಾವಾಗ ಬೆಂಕಿ ಬೀಳುತ್ತದೆ, ಯಾರು ಇಡುತ್ತಾರೆ, ಆಮೇಲೆ ಯಾವ ಹುಲ್ಲು ಮೊದಲು ಚಿಗುರುತ್ತದೆ ಅಂತ ಒಂದೆರಡು ವರ್ಷ ಬರೆದಿಡು. ಹಟ್ಟಿಯ ಹಿರಿಯರನ್ನು ಕೂರಿಸಿಕೊಂಡು ಕೇಳು. ಕೇಸು ಹಾಕುವ ಧ್ವನಿಯಲ್ಲಿ ಕೇಳಿದರೆ ಬಾಯಿ ಬಿಡುವುದಿಲ್ಲ.

ಮೇವಿಗೆ ಸಂಬಂಧಪಟ್ಟ ನಿಯಮವೂ ನಿನ್ನ ಕೈಯಲ್ಲಿರಲಿ. ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 30 ಎಕರೆ ಗೋಮಾಳ ಊರಿಗೆ ಇರಬೇಕು ಅಂತ ನಮ್ಮ ಭೂಕಂದಾಯ ನಿಯಮಗಳೇ ಹೇಳುತ್ತವೆ. ಎಷ್ಟು ಊರುಗಳಲ್ಲಿ ಅಷ್ಟು ಉಳಿದಿದೆ ಅಂತ ತಹಶೀಲ್ದಾರರನ್ನು ಕೇಳು. ಗೋಮಾಳ ಹೋದ ಊರಿನ ದನವೆಲ್ಲ ನಿನ್ನ ಕಾವಲಿಗೆ ಬರುತ್ತದೆ, ಆಗ ಮೇಯಿಸುವವನನ್ನು ಕಳ್ಳನಂತೆ ನೋಡಿದರೆ ನ್ಯಾಯವಾಗುವುದಿಲ್ಲ. ಅವರ ಜೊತೆ ಕೂತು ಕಾವಲನ್ನು ಮೂರು ಭಾಗ ಮಾಡಿ, ಒಂದೊಂದು ಮಳೆಗಾಲಕ್ಕೆ ಒಂದೊಂದು ಭಾಗಕ್ಕೆ ಬಿಡುವು ಕೊಡಿಸಲು ಸಾಧ್ಯವೇ ನೋಡು. ಮೊದಲ ವರ್ಷ ಬೈಯುತ್ತಾರೆ. ಬಿಡುವು ಸಿಕ್ಕ ಭಾಗದ ಹುಲ್ಲು ಮೊಣಕಾಲು ಮುಟ್ಟಿದ್ದನ್ನು ಕಂಡ ಮೇಲೆ ಅವರೇ ಕಾಯುತ್ತಾರೆ.

ಸಸಿಗಳು ಈಗಾಗಲೇ ನರ್ಸರಿಯಲ್ಲಿ ಎದ್ದಿವೆಯಲ್ಲ, ಅವನ್ನು ಏನು ಮಾಡಲಿ ಅನ್ನುತ್ತೀಯೇನೋ. ಊರಿಗೆ ಕೊಡು. ಕೆರೆ ಏರಿಯ ಕೆಳಗೆ, ಹಾಳಾದ ಗುಂಡುತೋಪುಗಳಲ್ಲಿ, ಶಾಲೆಯ ಅಂಗಳದಲ್ಲಿ, ರಸ್ತೆ ಅಗಲ ಮಾಡಲು ಸಾಲುಮರ ಕಡಿದ ಕಡೆ, ಕೇಳುವ ರೈತರ ಬದುವಿನಲ್ಲಿ ಜಾಗ ಬೇಕಾದಷ್ಟಿದೆ. ಹೊಂಗೆ, ಬೇವು, ಹುಣಸೆ, ನೇರಳೆ ಅಲ್ಲಿ ನಿಂತರೆ ಜನರೇ ನೀರು ಹೊಯ್ಯುತ್ತಾರೆ. ಪರಿಸರ ದಿನಕ್ಕೆ ಮಂತ್ರಿಗಳಿಂದ ಸಸಿ ನೆಡಿಸಲು ಕಾವಲೇ ಆಗಬೇಕು ಅಂತ ಯಾರಾದರೂ ಹಟ ಹಿಡಿದರೆ, ರಸ್ತೆ ಪಕ್ಕ ಅಚ್ಚುಕಟ್ಟಾದ ಜಾಗ ತೋರಿಸು, ಕಾರಿನಿಂದ ಇಳಿದು ನಡೆಯುವ ಕಷ್ಟವೂ ಅವರಿಗೆ ತಪ್ಪುತ್ತದೆ.

ಈ ಭಾನುವಾರ ನಿನಗೆ ಬಿಡುವಿದ್ದರೆ ಬೆಳಗಿನ ಜಾವದ ಬಸ್ಸಿಗೆ ನಾನೇ ಬರುತ್ತೇನೆ. ಕಾವಲಿನ ಸರ್ವೆ ನಕಾಶೆಯ ಒಂದು ಪ್ರತಿ ತೆಗೆಸಿಟ್ಟಿರು. ಹತ್ತಿರದ ಹಟ್ಟಿಯಲ್ಲಿ ವಯಸ್ಸಾದ ಕುರಿಗಾರರು ಯಾರಿದ್ದಾರೆ ಅಂತ ನಿನ್ನ ಗಾರ್ಡಿನ ಮೂಲಕ ವಿಚಾರಿಸಿಟ್ಟಿದ್ದರೆ ಇನ್ನೂ ಒಳ್ಳೆಯದು, ಅವರೂ ಜೊತೆಗೆ ನಡೆದರೆ ಹುಲ್ಲಿನ ಹೆಸರು ಒಂದೊಂದಾಗಿ ಬರೆದುಕೊಳ್ಳಬಹುದು. ನಿನ್ನ ಅತ್ತೆ ಹುರುಳಿ ಚಟ್ನಿಪುಡಿ ಮಾಡಿ ಕಟ್ಟಿಟ್ಟಿದ್ದಾಳೆ, ತರುತ್ತೇನೆ. ಗುಂಡಿ ತೋಡುವವನಿಗೆ ಸೋಮವಾರದಿಂದ ಬರಲು ಹೇಳಿದ್ದೇನೆ ಅಂದಿದ್ದೆಯಲ್ಲ, ಈ ಕಾಗದ ಕೈಸೇರಿದ ದಿನವೇ ಅವನಿಗೆ ಫೋನು ಮಾಡಿ ಸದ್ಯಕ್ಕೆ ಜೆಸಿಬಿ ತರಬೇಡ ಅಂತ ಹೇಳಿಬಿಡು.

ಇತಿ,
ನಿನ್ನ ಮಾವ